ಚೀಟಿಯೊಳಗಿಲ್ಲದ ಮಾತು

ಹಡಪಸರದ ಶಿಶುಗೃಹ. ಮುಂಜಾನೆ ಹತ್ತೂವರಿ.
ದೂರದ ದೇಶದಿಂದ ಬಂದಾರ ಗಂಡ ಹೆಂಡತಿ,
ಜೋಡಿ ಅವರ ಹಲ್ಲು ಬಿದ್ದ ಮಗಳು;
ತನ್ನ ಹಳೇ ಸ್ವೆಟರ್ ತಂದಾಳ ತಮ್ಮಗ.
ಪುಣೆದಾಗ ಮೇ ತಿಂಗಳು. ಯಾರೂ ನಗಲಿಲ್ಲ.

ಆ ತಾಯಿ ಮರಾಠಿ ಕಲಿತು ಬಂದಾಳ,
ಚೀಟಿ ನೋಡಿ ಓದತಾಳ:
ಪಾಣಿ. ದೂಧ್. ಝೋಪ್. ಯೇ ಬಾಳಾ.
ಕೂಸು ಅಕಿ ಬಾಯಿ ನೋಡತದ,
ಆಮ್ಯಾಲ ನನ್ನ.

ಹೆಂಗ ಹೇಳಲಿ ಮ್ಯಾಡಂಗ?
ರಾತ್ರಿ ಪಾಳಿ ನಂದು, ಎರಡು ವರ್ಷ.
ಇಂಡಿ ತಾಲೂಕಿನಾಕಿ ನಾನು,
ನಿದ್ದಿಗಣ್ಣಾಗ ನನಗ ಬರೂದು ಒಂದೇ ಭಾಷಾ.
ಕಾಗದದಾಗ ಅವನ ಹೆಸರು ಸುಹಾಸ;
ಕತ್ತಲಾಗ ನಾ ಕರದದ್ದು ಬ್ಯಾರೆ.

ಸಹಿ ಆತು. ಫೋಟೋ ಆತು.
ಕಾರಿನ ಬಾಗಿಲದಾಗ ಅಂವ ತುಟಿ ಸವರಿ
"ನೀರ" ಅಂದ.
ಚೀಟಿ ತಿರುವ್ಯಾಡಿದರು ಅವರು, ಹಿಂದ, ಮುಂದ.

ಆ ಹುಡುಗಿ ಕೈಯಾಗಿನ ಪೆನ್ಸಿಲ್ ಇಸಗೊಂಡೆ.
ಬರಿಯಾಕ ಬರೂದಿಲ್ಲ ನನಗ;
ಸೊಟ್ಟಗ ಒಂದು ವಾಟಗಾ ತಗದೆ, ತುಂಬ ಗೆರಿ ಎಳದೆ.
ಅಕಿ ಅದರ ಕೆಳಗ ತನ್ನ ಲಿಪಿಯಾಗ
ನನ್ನ ಬಾಯಿ ನೋಡಿ ನೋಡಿ ಬರಕೊಂಡ್ಲು.

ಇಷ್ಟ ಸಣ್ಣ ಮಾತು.
ಭಾಳ ಹೊತ್ತು ಬರದ್ಲು.