ಸಾಲು ಮುಗಿಸುವ ಕೀಲಿ

ಲೀಪಾಯಾದಲ್ಲಿ ಡಿಸೆಂಬರಿನ ಸೂರ್ಯ
ಮೂರೂವರೆಗೇ ಅಂಗಡಿ ಮುಚ್ಚುತ್ತಾನೆ.
ಹಳೆಯ ಹಗ್ಗದ ಕಾರ್ಖಾನೆಯೊಳಗೆ ಆಮೇಲೆ
ನಮ್ಮ ಸಮುದ್ರ ಶುರು:
ಒಂಬತ್ತು ಪರದೆ, ಒಂಬತ್ತು ಪ್ರೊಜೆಕ್ಟರು, ಒಂಬತ್ತು ಕಂಪ್ಯೂಟರು,
ಅವಕ್ಕೆಲ್ಲ ಒಬ್ಬಳೇ ಯಜಮಾನಿ ನಾನು,
ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಉಣ್ಣೆಯ ಕೈಗವಸಿನ ಬೆರಳತುದಿ ಕತ್ತರಿಸಿಕೊಂಡು ಕೂತವಳು.

ಗುನ್ವಾಲ್ಡಿಸ್ ನಿವೃತ್ತನಾಗುವಾಗ ಬಿಟ್ಟುಹೋದದ್ದು
ಒಂದು ಥರ್ಮಾಸು, ಒಂದು ನೋಟ್‌ಬುಕ್ಕು.
ಅದರಲ್ಲಿ ಪೆನ್ಸಿಲಿನಿಂದ ಬರೆದ ಯಂತ್ರಗಳ ವಿಳಾಸ,
ಮನೆ ಹೆಸರಿಲ್ಲ, ಬೀದಿಯಿಲ್ಲ, ಬರೀ ಚುಕ್ಕಿ ಇಟ್ಟ ಅಂಕಿ.
ಕೆಳಗೆ, ಎರಡು ಸಲ ಗೆರೆ ಎಳೆದು:
'ಅಪ್ಪಣೆ ಬರೆದರಷ್ಟೇ ಸಾಲದು,
ಸಾಲು ಮುಗಿಸುವ ಕೀಲಿ ಒತ್ತು.
ಒತ್ತದಿದ್ದರೆ ಅವು ಕಿವಿ ತೆರೆದುಕೊಂಡೇ ಕೂತಿರುತ್ತವೆ
ಇನ್ನೂ ಏನೋ ಹೇಳುವುದಿದೆ ಅಂತ.'

ಹೀಗೂ ಕಳಿಸಬಹುದು, ಹಾಗೂ ಕಳಿಸಬಹುದು.
ಒಂದು ಬಗೆ, ಬಾವಿಗೆ ಕಲ್ಲು ಎಸೆದ ಹಾಗೆ;
ಎಸೆದೆ, ಮುಗಿಯಿತು, 'ಬುಳುಕ್' ಕೇಳಿಸಿದರೆ ನಿನ್ನ ಪುಣ್ಯ.
ಇನ್ನೊಂದು, ಅಜ್ಜಿ ಕತೆ ಹೇಳಿದ ಹಾಗೆ;
ಕೇಳುವವರು ಹೂಂ ಅನ್ನದೆ ಅವಳು ಮುಂದೆ ಹೋಗುವುದಿಲ್ಲ.
ನಾನು ಎರಡನೆಯದನ್ನು ನಂಬಿದವಳು.
ತಯಾರಿರು ಅನ್ನುತ್ತೇನೆ. ಹೂಂ ಅನ್ನುತ್ತದೆ ಒಂದು.
ಹೂಂ, ಹೂಂ. ಒಂಬತ್ತು ಹೂಂ ಎಣಿಸಿ
ಓಡು ಅನ್ನುತ್ತೇನೆ.
ಅಲೆ ಏಳುತ್ತದೆ.

ಕತೆ ಹದಿನಾಲ್ಕು ನಿಮಿಷದ್ದು, ಊರಿಗೆಲ್ಲ ಗೊತ್ತಿರುವುದೇ.
'ವಾರ್ಪಾ' ಎಂಬ ಮೀನುದೋಣಿ ಒಂದನೆಯ ಪರದೆಯಲ್ಲಿ ಬಂದರು ಬಿಡುತ್ತದೆ,
ಪರದೆಯಿಂದ ಪರದೆಗೆ ದಾಟುತ್ತದೆ,
ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ ಏಳರಿಂದ ಎಂಟಕ್ಕೆ.
ಎಂಟರಲ್ಲಿ ಮುಳುಗುತ್ತದೆ.
ಒಂಬತ್ತರಲ್ಲಿ ಬರೀ ನೀರು, ಆಮೇಲೆ ಹೆಸರುಗಳು.
ಮಕ್ಕಳು ಆ ಹೊತ್ತಿಗೆ ಚ್ಯೂಯಿಂಗ್ ಗಮ್ ಅಗಿಯುವುದು ನಿಲ್ಲಿಸುತ್ತಾರೆ.

ಟಿಕೆಟ್ ಹರಿಯುವ ಜಿದ್ರಾ ಒಮ್ಮೆಯೂ ಒಳಗೆ ಬಂದವಳಲ್ಲ.
ಹೆಸರುಗಳಲ್ಲಿ ಮೂರನೆಯದು ಅವಳ ತಮ್ಮನದು, ಎವಾಲ್ಡ್ಸ್.
ಮೊನ್ನೆ, ಹದಿನೇಳನೆಯ ತಾರೀಕು, ಕೊನೆಯ ಆಟ ಮುಗಿದ ಮೇಲೆ
ಕೋಟಿನ ಗುಂಡಿ ಹಾಕುತ್ತ ಗೂಡಿನ ಬಾಗಿಲಲ್ಲಿ ನಿಂತು
'ಒಂದು ಸಲ ಹಾಕು. ಎಂಟಕ್ಕೆ ಹೋಗಗೊಡಬೇಡ' ಅಂದಳು,
ಹಾಲು ಕಾಯಿಸಿಡು ಅಂದಷ್ಟು ಸಾದಾ.

ಬೆರಳು ಕೀಲಿಯ ಮೇಲಿಟ್ಟೇ ಕೂತೆ.
ಹನ್ನೊಂದು ಮೂವತ್ತೆಂಟು. ನಿಲ್ಲು ಅಂದೆ. ಸಾಲು ಮುಗಿಸಿದೆ.
ಹೂಂ, ಹೂಂ, ಹೂಂ... ಎಣಿಸಿದರೆ ಎಂಟು.
ಏಳನೆಯದು ಓಗೊಡಲಿಲ್ಲ.

ಎಂಟು ಪರದೆಯ ಕಡಲು ಗಾಜಾಗಿ ನಿಂತಿತು,
ಏಳರದ್ದು ಮಾತ್ರ ಕುದಿಯುತ್ತಲೇ ಇತ್ತು,
ಹಗ್ಗ ಕಳಚಿದ ಕರುವಿನಂತೆ ತನ್ನ ಪಾಡಿಗೆ ಓಡುತ್ತಿತ್ತು ಅದರ ಗಡಿಯಾರ.
ದೋಣಿ ಅದರೊಳಗೆ ಏರಿತು, ಇಳಿಯಿತು,
ಬಲದ ಅಂಚಿಗೆ ಬಂತು. ಮೂತಿ ಕರಗಿತು,
ಕಂಬ ಕರಗಿತು, ಹಿಂಬದಿಯ ಬಿಳಿ ದೀಪ
ಹೋಯಿತು.
ಎಂಟು ನಿಂತೇ ಇತ್ತು. ಅಲ್ಲಿಗೆ ದೋಣಿ ಬರಲಿಲ್ಲ.

ಪ್ರೊಜೆಕ್ಟರಿನ ಫ್ಯಾನುಗಳ ಗೊರಕೆ.
'ಎಲ್ಲಿ ಹೋಯಿತು?' ಕೇಳಿದಳು ಜಿದ್ರಾ.
ಸರಿಯಾದ ಉತ್ತರ ನಾಲಿಗೆ ತುದಿಯಲ್ಲೇ ಇತ್ತು:
ಕೇಬಲ್ಲಿನ ಕೊಕ್ಕೆ ಮುರಿದಿದೆ, ತಿಂಗಳಿಂದ ಟೇಪು ಸುತ್ತಿದ್ದೆ,
ತಪ್ಪು ನನ್ನದೇ, ಅಪ್ಪಣೆ ಅಲ್ಲಿಗೆ ಮುಟ್ಟಿಲ್ಲ.
ಬಾಯಿಗೆ ಬಂದದ್ದು, 'ಎರಡರ ನಡುವೆ ಇದೆ.'

ಪರದೆಗಳ ನಡುವಿನ ಸಂದು ನಾಲ್ಕು ಬೆರಳಿನಷ್ಟು.
ಅವಳು ಹೋಗಿ ಅದರಲ್ಲಿ ಕೈ ತೂರಿಸಿದಳು,
ಒಲೆ ಆರಿತೇ ಎಂದು ನೋಡುವವಳ ಹಾಗೆ.
ಬಹಳ ಹೊತ್ತಿನ ಮೇಲೆ
ಹೂಂ ಅಂದಳು.
ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ಮರುದಿನ ಹೊಸ ಕೇಬಲ್ ಹಾಕಿದೆ,
ನಾಲ್ಕು ಯೂರೋ ಎಂಬತ್ತು, ರಸೀದಿ ಇದೆ.
ಒಂಬತ್ತೂ ಹೂಂಗುಟ್ಟಿದವು. ದೋಣಿ ಎಂಟಕ್ಕೆ ಹೋಯಿತು, ಮುಳುಗಿತು,
ಪಾವಿಲೊಸ್ತಾದ ಶಾಲೆಮಕ್ಕಳು ಅಗಿಯುವುದು ನಿಲ್ಲಿಸಿದರು.
ನೋಟ್‌ಬುಕ್ಕಿನಲ್ಲಿ ಗುನ್ವಾಲ್ಡಿಸನ ಗೆರೆಯ ಕೆಳಗೆ
ಏನಾದರೂ ಬರೆಯಬೇಕೆಂದು ಪೆನ್ಸಿಲ್ ಹೆರೆದೆ.
'ಏಳನೆಯದು' ಅಂತ ಬರೆದು
ಸಾಲು ಮುಗಿಸದೆ ಬಿಟ್ಟೆ