ಬಾಣಂತಿ ಕಟಗಿ

ಕಾರಹುಣ್ಣಿಮಿಗೆ ಇನ್ನೂ ತಿಂಗಳಿತ್ತು, ನಿನ್ನ ಫೋನ್ ಬಂದಾಗ.
"ಅವ್ವಾ, ಈ ಸಲ ಹೊರಗಾಗಿಲ್ಲ" ಅಂದಿ, ಸಣ್ಣ ದನಿಯಾಗ.
ಗೆಣ್ಣು ಎಣಿಸಿದೆ. ಬೆರಳು ಪುಷ್ಯಮಾಸಕ್ಕ ಬಂದು ನಿಂತಿತು.
ಖುಷಿ ಆಮ್ಯಾಲ ಪಟ್ಟೆ, ಮಹಾನಂದಾ,
ಮೊದಲು ಕೊಡ್ಲಿ ಹುಡುಕಿದೆ.

ಹಸಿ ಕಟಗಿ ಮನಿಗೆ ಹೊಗಿ ಕೊಡ್ತದ, ಕೆಂಡ ಕೊಡೂದಿಲ್ಲ.
ಅದಕ್ಕೂ ತಿಂಗಳು ತುಂಬಬೇಕು.

ಕಾರಂಜಾ ಹಿನ್ನೀರು ಇಳಿದ ದಂಡಿಗೆ
ಸರಕಾರಿ ಜಾಲಿ, ಯಾರೂ ಬಿತ್ತದ್ದು, ಯಾರಿಗೂ ಬ್ಯಾಡಾದದ್ದು.
ಖಾಜಾಬಿ ಕುಡಗೋಲಿಲೆ ಮುಳ್ಳು ಸವರಿದಳು, ನಾ ಬುಡಕ್ಕ ಹೊಡೆದೆ.
"ಗಂಟಿಗೆ ಹೊಡಿಬ್ಯಾಡ, ಗಂಟಂದ್ರ ಮರದ ಸಿಟ್ಟು,
ಬಾಜೂಕ ಸೀಳು ಇರ್ತದ, ಅದನ್ನ ಹುಡುಕು" ಅಂದಳು.
ಮೂವತ್ತು ವರ್ಷ ಸಂಸಾರ ಮಾಡಿದಾಕಿ, ಗೊತ್ತಿರ್ತದ.

ಒಂದು ಮುಳ್ಳು ಅಂಗಾಲಿನಾಗ ಮುರಿದು ಉಳಿದದ,
ಎಕ್ಕಿ ಹಾಲಿಗೂ ಬಗ್ಗಲಿಲ್ಲ.
ಇರಲಿ, ಬಾಡಿಗಿ ಕೊಡದ ಬಿಡಾರ.

ಸಿಂಬಿ ನಿನ್ನ ಹಳೀ ಸಾಲಿ ಓಢಣಿದು.
ಹತ್ತೊಂಬತ್ತು ಹೊರಿ ಈ ತಲಿಮ್ಯಾಲ ಬಂದ್ವು.
ಇಪ್ಪತ್ತನೇದಕ್ಕ ನಾಕೇದಾರ ಅಡ್ಡ ನಿಂತ:
"ಮಾರಲಿಕ್ಕೇನು?"
"ಬಾಣಂತಿಗಿ."
ಸುಮ್ಮನ ನಿಂತ, ಹಗ್ಗ ಇಸಕೊಂಡ,
ತನ್ನ ಗಾಡಿ ಹಿಂದ ಕಟ್ಟಿಕೊಂಡು ಮನಿತನಕ ತಂದಿಟ್ಟ.
ಚಾ ಕುಡಿಲಿಲ್ಲ.

ಗ್ಯಾಸ್ ಅದ ಅಂತಿ. ಅದ. ಅದು ಅನ್ನ ಬೇಯಿಸ್ತದ,
ಹೊರಸಿನ ಕೆಳಗ ಕೂಡೂದಿಲ್ಲ.
ಹೀಟರ್ ತರ್ತೀನಿ ಅಂದ ಅಳಿಯ. ಪಾಪ,
ಔರಾದದಾಗ ಹುಟ್ಟಿದಾಂವಗ
ಕರೆಂಟಿನ ಗುಣ ಗೊತ್ತಿರಬೇಕಿತ್ತು.
ನಾ ಹುಟ್ಟಿದ ರಾತ್ರಿ ಕಟಗಿ ಮುಗಿದು
ನಮ್ಮಾಯಿ ತಾ ಕುಂತ ಮಣಿ ಸುಟ್ಟಳಂತ.
ಇವತ್ತಿಗೂ ನನ್ನ ತವರಿನಾಗ ಮಣಿ ಮೂರ.

ಮಳಿಗಾಲ ಪೂರಾ ತಾಡಪತ್ರಿ ಕೆಳಗ ಒಟ್ಟಿಲು.
ಪಂಚಮಿಗೆ ತುದಿಗೆ ಅಣಬಿ ಎದ್ದಿತ್ತು,
ಬಿಸಿಲು ಕಂಡ ದಿನ ಒಂದೊಂದೇ ತಿರುವಿ ಹಾಕಿದೆ.
ನಿನ್ನ ಕುಬಸಕ್ಕ ಬಂದವರು ಸೀರಿ ಅಂಚು ನೋಡಿದರು.
ನಾ ಹಿತ್ತಲಿಗೆ ಹೋಗಿ ಎರಡು ತುಂಡು ಬಡಿದು ಕಿವಿಗೊಟ್ಟೆ.
ಠಣ್ ಅಂತು.

ಮತ್ತ ನೀ ಪುಷ್ಯದ ತನಕ ಕಾಯಲೇ ಇಲ್ಲ.
ಛಟ್ಟಿ ಅಮಾಸಿ ರಾತ್ರಿ, ಬೀದರ ದವಾಖಾನಿ.
ಗಾಜಿನ ಪೆಟಗಿಯಾಗ ತೊಗಲು ಇನ್ನೂ ಸಡ್ಲಿದ್ದ ಕೂಸು.
ಹೊಗಿ ಇಲ್ಲ, ಬೂದಿ ಇಲ್ಲ, ಬರೇ ಒಂದು ಅಂಕಿ
ಕೆಂಪಗ ಉರೀತಿತ್ತು: ಮೂವತ್ನಾಕು.
ಸಿಸ್ಟರಮ್ಮಗ ಕೇಳಿದೆ, "ಇದಕ್ಕೇನು ಹಾಕ್ತೀರಿ?"
ನಕ್ಕಳು. ನಾ ಅಣಕಕ್ಕ ಕೇಳಿರಲಿಲ್ಲ.

ಹದಿನಾರು ರಾತ್ರಿ ವರಾಂಡದ ಫರಸಿಮ್ಯಾಲ ಮಲಗಿ
ಹಿತ್ತಲದ ಒಟ್ಟಿಲು ನೆನೆಸಿದೆ.
ಅಷ್ಟು ಬೆಂಕಿ ಅಲ್ಲಿ ಸುಮ್ಮನ ಕುಂತದ,
ಇಲ್ಲಿ ನಾ ಗಾಜಿಗೆ ಅಂಗೈ ಹಚ್ಚಿದರೂ
"ದೂರ ನಿಂದ್ರಿ" ಅಂತಾರ.

ಎಳ್ಳಾಮಾಸಿ ದಿನ ಊರಿಗೆ ಊರೇ
ಭಜ್ಜಿ ಗಡಿಗಿ ಹೊತ್ತು ಹೊಲಕ್ಕ ಹೊಂಟಾಗ
ನಾವು ಮೂರು ಮಂದಿ ಎದುರಿಗೆ ಬಂದಿವಿ, ಆಟೋದಾಗ.
ಖಾಜಾಬಿ ಒಲಿ ಹಚ್ಚಿ ಕುಂತಿದ್ದಳು.
ಮೊದಲು ತೊಗರಿ ಕಟಗಿ: ಚಟಪಟ,
ಮಾತು ಬಾಳ, ಕೆಲಸ ಕಮ್ಮಿ.
ಅದರಮ್ಯಾಲ ಜಾಲಿ. ಜಾಲಿ ಲಗೂ ಹಿಡಿಯೂದಿಲ್ಲ,
ಹಿಡಿದ ಮ್ಯಾಲ ಬಿಡೂದಿಲ್ಲ.
ಕೆಂಡ ಮಾಡಿ, ಹೊಗಿ ಹೊರಗ ಬಿಟ್ಟು, ಶೇಗಡಿ ತುಂಬಿ
ಹೊರಸಿನ ಕೆಳಗ ಸರಿಸಿದೆ. ಖಿಡಕಿ ನಾಕು ಬೆರಳು ತೆರೆದದ.

ಇಲ್ಲಿ ಅಂಕಿ ಇಲ್ಲ.
ತಾಸಿಗೊಮ್ಮೆ ಎದ್ದು
ಹಿಂಗೈ ಕೂಸಿನ ಅಂಗಾಲಿಗೆ ಹಿಡಿದು ನೋಡ್ತೀನಿ,
ಆಮ್ಯಾಲ ನಿನ್ನ ಅಂಗಾಲಿಗೆ.

ನಡುರಾತ್ರಿ, ಹೊರಗ ನಾಯಿ ಸುದ್ದಾ ಬೊಗಳಲಾರದ ಥಂಡಿ,
ನೀ ನಿದ್ದಿಗಣ್ಣಾಗ ಕೌದಿ ಒದ್ದು
ಒಂದು ಕಾಲು ಹೊರಗ ಹಾಕಿದಿ.
ಇನ್ನೊಂದು ತುಂಡು ಹಾಕಬೇಕಂತ ಎದ್ದಾಕಿ
ಕೈಯಾಗ ಹಿಡಕೊಂಡೇ ಕುಂತೆ.