ಕೇದಾನ್

ಉದ್ಯಮಬಾಗದ ನಮ್ಮ ಶೆಡ್ಡಿಗೆ ಸ್ಪೇನಿನಿಂದ ಬಂತು
ಸೆಕೆಂಡ್‌ಹ್ಯಾಂಡ್ ಮಷೀನು.
ಮೈಗೆ ಹಸರು ಬಣ್ಣ, ಬಾಗಲಕ್ಕ ಯಾರೋ ಅಂಟಿಸಿದ ಫುಟ್‌ಬಾಲಿನ ಸ್ಟಿಕರು,
ಸ್ಕ್ರೀನಿನ ತುಂಬ ಆ ದೇಶದ್ದ ಮಾತು.
ಬದಲಿಸೋ ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ.
ಸಾವಕಾರ ಅಂದ: ಭರಮಾ, ಕಬ್ಬಿಣ ಕೊರಿಯಾಕ ಭಾಷೆ ಯಾಕ ಬೇಕೋ?

ಬೇಕಾಗಿತ್ತು.
ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ,
ಸಂತ್ಯಾಗ ಉರ್ದು, ಡ್ರಾಯಿಂಗ್ ಹಾಳಿಮ್ಯಾಲ ಇಂಗ್ಲಿಷು,
ನಾಕರಾಗ ಉಂಡವನಿಗೆ
ಐದನೇದು ಉಪ್ಪಿನಕಾಯಿ, ಅಂದ್ಕೊಂಡೆ.

ಸ್ಕ್ರೀನಿನ ಮೂಲ್ಯಾಗ ಒಂದ ಶಬ್ದ ಮಿಣುಕತಿತ್ತು, ಮುಂದ ಅಂಕಿ.
ಕ್ವೆಡಾನ್ ಹನ್ನೆರಡು.
ಒಂದು ಜಾಬು ಇಳಿಸಿದ್ರ ಕ್ವೆಡಾನ್ ಹನ್ನೊಂದು.
ಡಿಕ್ಷನರಿ ಇಲ್ಲದ ತಿಳೀತು: ಇನ್ನ ಉಳಿದದ್ದು.
ಗ್ರೀಸು ಹತ್ತಿದ ಬೆರಳಲೆ ಡೈರ್ಯಾಗ ಬರಕೊಂಡೆ.
ಎಣಿಕಿ ಒಂದಕ್ಕ ಬಂದಾಗ ಕಡೀ ಅಕ್ಷರ ಉದುರಿತು, ಬರೇ ಕ್ವೆಡಾ.
ಒಂಟಿಯಾದದ್ದಕ್ಕ ಬಾಲ ಇರೂದಿಲ್ಲ ಅವರ ವ್ಯಾಕರಣದಾಗ.

ನಿಜಗುಣಿ ಮೇಸ್ತ್ರಿ ಎಡಗೈ ಎತ್ತಿ ತೋರಿಸಿದ
(ಎರಡು ಬೆರಳು ಪ್ರೆಸ್ಸು ಇಸ್ಕೊಂಡು ಮೂವತ್ತು ವರ್ಷ ಆತು):
ಹಂಗಾರ ಇದಕ್ಕೇನಂತಿ?
ಕ್ವೆಡಾನ್ ಮೂರು, ಅಂದೆ.
ಚಹಾ ಮೂಗಿಗೆ ಏರೂ ಹಂಗ ನಕ್ಕ.

ಮಳಿಗಾಲಕ್ಕ ಕಂಪನೀಯಂವ ಬಂದ, ರಿಪೇರಿಗೆ.
ಇನ್ಯಾಕಿ ಅವನ ಹೆಸರು, ಎರಡ ದಿನದಾಗ ನಮ್ಮವರ ಬಾಯಾಗ ವಿನಾಯ್ಕ.
ನನ್ನ ಕ್ವೆಡಾನ್ ಕೇಳಿ ತಿದ್ದಿದ: ಕೇದಾನ್.
ಮೂಲ ಧಾತು ಕೇದಾರ್.
ಕೇದಾರ? ಅದು ಸ್ವಾಮಿಗಳ ಪೀಠ ಆತಲ್ಲೋ, ಅಂದ ಮೇಸ್ತ್ರಿ.

ಸಂಜಿಮುಂದ ಅಂವ ಅಂದ: ಕೇದಾಮೋಸ್, ಐದಕ್ಕ, ಮೂರನೇ ಗೇಟು.
ನನಗ ಕಡೀಗಿ ಮೋಸ ಅಷ್ಟ ಕೇಳಿತು.
ಐದು ಉಳದಾವು ಅಂತ ತಿಳಕೊಂಡು
ಐದೂ ಜಾಬು ಮುಗಿಸಿ ಮನೀಗೆ ಹ್ವಾದೆ.
ಅಂವ ಗೇಟಿನ ಹೊಟೇಲ ಮುಂದ
ಎರಡು ರೇಲ್ವೆ ಹೋಗೂತನಕ ಜಿಟಿಜಿಟಿ ಮಳ್ಯಾಗ ನಿಂತಿದ್ನಂತ.
ಮರುದಿನ ಕೈಸನ್ನೀಲೆ ತಿಳಿಸಿದ:
ಇಬ್ಬರು ಕೂಡಿ ಒಂದು ಹೊತ್ತಿಗೆ ಒಪ್ಪಿದರೂ ಅದ ಶಬ್ದ.

ಕಾಲು ಜಾರಿ ಬಿದ್ದವಗ ಕೈ ಕೊಟ್ಟಂಗ
ತನ್ನ ನೀಲಿ ಜಾಕೆಟ್ಟು ತಗದು ನನಗ ತೊಡಿಸಿದ.
ತೋಳು ಬೆರಳು ದಾಟಿ ಜೋತಾಡತಿತ್ತು.
ತೇ ಕೇದಾ ಗ್ರಾಂದೆ, ಅಂದ.
ಮತ್ತ ಅದ!
ನನಗ ದೊಡ್ಡದು ಉಳೀತೈತೇನು?
ಅಲ್ಲ. ನನ್ನ ಮೈಗೆ ಒಪ್ಪವಲ್ದು.

ಅವತ್ತ ರಾತ್ರಿ ನಿದ್ದಿ ಹತ್ತಲಿಲ್ಲ.
ತಾಸಿಗೂ ಒಪ್ಪೂದು, ಅಂಗಿಗೂ ಒಪ್ಪೂದು.
ಇದು ನಮ್ಮ ಬಾಯಾಗೂ ಇತ್ತಲ್ಲಾ,
ಐವತ್ತೊಂದು ವರ್ಷ ಜಗದೂ ರುಚಿ ನೋಡಿದ್ದಿಲ್ಲ.

ಮೇಸ್ತ್ರಿಗೆ ಹೇಳಿದರ ಬುರಾದಾ ಗುಡಿಸಿಕೋತ ಅಂದ:
ನಮ್ಮ ಉಳಿ ಏನ ಕಡಿಮೀದು?
ಕೆತ್ತೂದೂ ಉಳಿ.
ಕೆತ್ತಿಸಿಕೊಂಡು ಇರೂದಕ್ಕೂ ಉಳಿ ಅಂತೀವಿ.
ಆಮ್ಯಾಲ ತನ್ನ ಕೈ ತಾನ ನೋಡಿದ, ಒಂದು ಗಳಿಗಿ,
ಗುಡಿಸೂದು ಬಿಟ್ಟು.

ಹೋಗೂ ದಿನ ವಿನಾಯ್ಕ ಪಾಸ್‌ವರ್ಡು ಹುಡುಕಿ ತಗದ.
ಬೆರಳು ಸ್ಕ್ರೀನಿನ ಮ್ಯಾಲ ಇಟ್ಟು ಕೇಳಿದ: ಇಂಗ್ಲಿಷ್?
ಸಾವಕಾರ ಹೂಂ ಅನ್ನೂದರಾಗ
ನನ್ನ ಬಾಯಿ ತಾನ ತಗೀತು: ಬ್ಯಾಡ್ರಿ. ಇರ್ಲಿ.

ಇರ್ಲಿ? ಅಂತ ಅಂವ ನಾಲಿಗಿ ಮ್ಯಾಲ ತಿರುವಿದ,
ಹುಣಸಿಬೀಜದಂಗ.
ಅದಕ್ಕ ನೀವೇನಂತೀರಿ, ಸನ್ನಿ ಮಾಡಿದೆ.
ಕೆ ಸೆ ಕೇದೆ, ಅಂದ.
ಹಾಳಿ ತುಂಬಿತ್ತು, ಡೈರಿ ಅಟ್ಟಿಮ್ಯಾಲ ಬರಕೊಂಡೆ.

ಸೈರನ್ನು ಹೊಡೀತು. ಸ್ಕ್ರೀನಿನ್ಯಾಗ ಕೇದಾನ್ ನಲವತ್ತು.
ಸೆಕೆಂಡ್ ಶಿಫ್ಟಿನ ಪರಶ್ಯಾ
ಡಬ್ಬಿ ಗೂಟಕ್ಕ ಹಾಕಿ ಬರಾಕತ್ತಿದ್ದ.